ಅಡಿಕೆ ಹಾಳೆಯ ಅಳತೆಗೆ ಇಟಲಿ ಗಾಜು

ಮೆಲ್ಕಾರಿನಿಂದ ಸ್ವಲ್ಪ ಒಳಗೆ, ರಮಾನಾಥರ ಶೆಡ್ಡಿನಲ್ಲಿ ನಿಂತಿದ್ದ ಕೆಂಪು ಬೊರಾಸ್ಕಾ ಕಾರಿನಂಥ ಗಾಡಿ ಇಡೀ ಏಷ್ಯಾದಲ್ಲಿ ಇನ್ನೊಂದಿರಲಿಲ್ಲ. ಅದು ಹುಟ್ಟಿದ ಇಟಲಿಯಲ್ಲೇ ಅದನ್ನು ನೋಡಿದವರು ಕಡಿಮೆ. ನೋಡಿದವರೂ ಅದು ದಾಟಿಹೋದ ಮೇಲೆ ಎದ್ದ ಧೂಳನ್ನು ಮಾತ್ರ ನೋಡಿದ್ದು. ಎರಡೇ ಸೀಟು, ಎಡಕ್ಕೆ ಸ್ಟೇರಿಂಗು. ನೆಲಕ್ಕೆ ಎಷ್ಟು ಹತ್ತಿರವೆಂದರೆ ಒಳಗೆ ಕುಳಿತವರು ರಸ್ತೆ ದಾಟುವ ಇರುವೆಯ ಮುಖಕ್ಕೆ ಮುಖ ಕೊಟ್ಟು ಬೈಯಬಹುದಿತ್ತು. ಸ್ಟಾರ್ಟ್ ಮಾಡಿದರೆ ಪಾಣೆಮಂಗಳೂರು ಸೇತುವೆಯ ಕೆಳಗೆ ನೇತ್ರಾವತಿಯ ಮೀನುಗಳು ಒಂದು ಗಳಿಗೆ ಈಜುವುದನ್ನು ಮರೆಯುತ್ತಿದ್ದವು. ಇದಕ್ಕೆ ಸಾಕ್ಷಿ ಹೇಳುವವರು ಬಂಟ್ವಾಳ ತಾಲೂಕಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ರಮಾನಾಥರು ಮಸ್ಕತ್ತಿನಲ್ಲಿ ಹೋಟೆಲು ನಡೆಸುವವರು. ಗಾಡಿಯನ್ನು ಹಡಗಿನಲ್ಲಿ ಊರಿಗೆ ಕಳುಹಿಸಿ, ಅದನ್ನು ನೋಡಿಕೊಳ್ಳುವ ಕೆಲಸವನ್ನು ತಂಗಿ ಶಶಿಪ್ರಭಾಳ ಮಗಳು ಪ್ರಾಪ್ತಿಗೆ ವಹಿಸಿದ್ದರು. ಪ್ರಾಪ್ತಿ ಆ ಗಾಡಿಯನ್ನು ಒರೆಸಿದಷ್ಟು ಯಾವ ತಾಯಿಯೂ ಮಗುವಿನ ಮೂಗು ಒರೆಸಿರಲಿಕ್ಕಿಲ್ಲ. ಆದರೆ ಓಡಿಸುವ ಅಪ್ಪಣೆ ಅಂಗಳದ ತುದಿಯವರೆಗೆ ಮಾತ್ರ. ಅಂಗಳದಲ್ಲೇ ಹಿಂದೆ ಮುಂದೆ ಓಡಿಸಿ ಓಡಿಸಿ ಅವಳು ರಿವರ್ಸ್ ಹೊಡೆಯುವುದರಲ್ಲಿ ಕರಾವಳಿಗೇ ಮೊದಲಿಗಳಾಗಿದ್ದಳು. ಮುಂದಕ್ಕೆ ಮಾತ್ರ ಎರಡನೇ ಗೇರು ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಆ ವಾರ ಮಾವನ ಫೋನು ಬಂತು. ಭಾನುವಾರ ಮೂಡಬಿದ್ರೆಯಲ್ಲಿ ಅಪರೂಪದ ಗಾಡಿಗಳ ರ‍್ಯಾಲಿ; ತಾನು ಏರ್‌ಪೋರ್ಟಿನಿಂದ ನೇರ ಅಲ್ಲಿಗೇ ಬರುವುದಾಗಿಯೂ, ಗಾಡಿಯನ್ನು ಅವಳೇ ಓಡಿಸಿ ತರಬೇಕೆಂದೂ ಹೇಳಿದರು. ಕೊನೆಗೆ ಹೇಳಿದ ಮಾತಿಗೆ ಪ್ರಾಪ್ತಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ನಾನು ಬಿಟ್ಟುಹೋದ ಹಾಗೆಯೇ ತಂದ್ರೆ ಗಾಡಿ ನಿನ್ನದು. ಒಂದು ಗೀರು ಕಂಡ್ರೂ ಮಂಗಳೂರಿನ ಡಾಕ್ಟ್ರಿಗೆ ಕೊಡ್ತೇನೆ. ಅವರು ಅಲ್ಲಿಗೇ ಬರ್ತಾರೆ."

ಡಾಕ್ಟ್ರು ಆ ಗಾಡಿಯ ಹಿಂದೆ ಬಿದ್ದು ವರ್ಷಗಳಾಗಿದ್ದವು. ಪ್ರಾಪ್ತಿ ಆ ರಾತ್ರಿಯೇ ಕನಸಿನಲ್ಲಿ ನಾಲ್ಕನೇ ಗೇರು ಹಾಕಿದಳು. ಬೆಳಗಾದದ್ದೇ, ಮಹಾರಾಣಿಯಂಥ ಆ ಗಾಡಿ ಹೊರಡುವ ದಾರಿಯಲ್ಲಿ ಹುಲ್ಲಿರಬಾರದೆಂದು ತಾನೇ ಹುಲ್ಲು ಕತ್ತರಿಸುವ ಮೆಷಿನ್ನನ್ನು ಹೆಗಲಿಗೇರಿಸಿ ಅಂಗಳಕ್ಕಿಳಿದಳು. ಮೆಷಿನ್ನಿನ ಬ್ಲೇಡಿಗೆ ಒಂದು ಜಲ್ಲಿಕಲ್ಲು ಸಿಕ್ಕಿತು. ಬಂದೂಕಿನ ಗುಂಡಾದರೂ ದಾರಿಯಲ್ಲಿ ಸ್ವಲ್ಪ ಯೋಚಿಸುತ್ತದೆ. ಆ ಕಲ್ಲು ಯೋಚಿಸಲಿಲ್ಲ. ಶೆಡ್ಡಿನ ಬಾಗಿಲಲ್ಲಿ ನುಗ್ಗಿ ಬೊರಾಸ್ಕಾದ ಎದುರಿನ ಗ್ಲಾಸಿಗೆ ಬಡಿಯಿತು. ಮಧ್ಯದಲ್ಲಿ ಒಂದು ಚುಕ್ಕಿ ಮೂಡಿತು. ಪ್ರಾಪ್ತಿ ಓಡಿ ಬರುವಷ್ಟರಲ್ಲಿ ಆ ಚುಕ್ಕಿಯಿಂದ ಎಂಟೂ ದಿಕ್ಕಿಗೆ ಬಿರುಕು ಹಬ್ಬಿ, ಜೇಡವೊಂದು ಮನೆ ಕಟ್ಟಿ ಮುಗಿಸಿದಂತೆ ಕಂಡಿತು.

ಅಂಥ ಗ್ಲಾಸು ಇಟಲಿಯಿಂದ ತರಿಸುವುದಾದರೆ ಬರುವ ಹೊತ್ತಿಗೆ ಪ್ರಾಪ್ತಿಗೆ ಮೊಮ್ಮಕ್ಕಳಾಗಿರುತ್ತಿದ್ದರು. ಹಾಗಾಗಿ ಅವಳು ಬಿ.ಸಿ.ರೋಡಿನ ಚಿದಾನಂದನನ್ನು ಕರೆಸಿದಳು. ಚಿದಾನಂದ ಬಸ್ಸುಗಳ ಗ್ಲಾಸು ಕೂರಿಸುವವನು. ಅವನು ಕೂರಿಸಿದ ಗ್ಲಾಸಿನ ಮೂಲಕ ನೋಡಿದರೆ ಡ್ರೈವರಿಗೆ ಮುಂದಿನ ಎರಡು ಸ್ಟಾಪಿನ ಪ್ರಯಾಣಿಕರು ಈಗಲೇ ಕಾಣುತ್ತಾರೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಬಂದವನು ಗಾಡಿಗೆ ಮೂರು ಸುತ್ತು ಬಂದ, ನೆಲಕ್ಕೆ ಮೊಣಕಾಲೂರಿದ, ಗ್ಲಾಸಿಗೆ ಬೆರಳಿನಿಂದ ಬಡಿದು ಕಿವಿಯಿಟ್ಟು ಕೇಳಿದ.

"ಇದು ಬಗ್ಗಿದ ಗ್ಲಾಸಲ್ಲ ಅಕ್ಕ, ಚಪ್ಪಟೆ ಉಂಟು. ಮೂಡಬಿದ್ರೆಯಲ್ಲಿ ಝುಬೈರ್ ಇದ್ದಾನೆ. ಅಳತೆ ಕೊಟ್ರೆ ಕಣ್ಣುಮುಚ್ಚಿ ಕೊಯ್ದು ಕೊಡ್ತಾನೆ."

ಅಳತೆ ತೆಗೆಯುವುದೇ ಕಷ್ಟವಾಯಿತು. ಬೊರಾಸ್ಕಾದ ಗ್ಲಾಸಿಗೆ ಒಂದೂ ನೇರ ಅಂಚಿರಲಿಲ್ಲ. ಮೂಲೆಗಳೆಲ್ಲ ನಾಚಿಕೊಂಡು ತಿರುಗಿದ ಹಾಗೆ. ರಟ್ಟು ಇಟ್ಟರೆ ಮಡಚಿತು, ಪೇಪರು ಹರಿಯಿತು. ಆಗ ಚಿದಾನಂದನ ತಲೆಯೊಳಗೆ ಮಿಂಚು ಹೊಡೆಯಿತು. ಹಿತ್ತಿಲಲ್ಲಿ ಆಗ ತಾನೇ ಸೋಗೆಯೊಂದಿಗೆ ಬಿದ್ದಿದ್ದ ಅಡಿಕೆ ಹಾಳೆಗಳನ್ನು ತಂದು, ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ, ಎರಡನ್ನು ಜೋಡಿಸಿ ಹೊಲಿದು ಗಾಡಿಯ ಚೌಕಟ್ಟಿನ ಮೇಲೆ ಹರಡಿದ. ಹಾಳೆ ಒದ್ದೆ ಬಟ್ಟೆಯಂತೆ ಪ್ರತಿ ತಿರುವಿಗೂ ಅಂಟಿಕೊಂಡಿತು. ಕತ್ತಿಯಲ್ಲಿ ಅಂಚು ಕೊಯ್ದು ಎತ್ತಿ ಹಿಡಿದಾಗ, ಮೊದಲು ಗ್ಲಾಸು ಹುಟ್ಟಿತೋ ಹಾಳೆ ಹುಟ್ಟಿತೋ ಎಂಬಂತಿತ್ತು. ಇಟಲಿಯ ಇಂಜಿನಿಯರುಗಳಿಗೆ ಅಡಿಕೆ ತೋಟವಿಲ್ಲದ್ದೇ ದೊಡ್ಡ ಕೊರತೆ ಎಂದು ಚಿದಾನಂದ ಘೋಷಿಸಿದ. ಪ್ರಾಪ್ತಿಗೆ ಅವನ ಕಾಲಿಗೆ ಬೀಳಬೇಕೆನಿಸಿತು.

ಹಾಳೆಯನ್ನು ಮೂಡಬಿದ್ರೆ ಬಸ್ಸಿನ ಡ್ರೈವರಿಗೆ ಕೊಟ್ಟು, ಸ್ಟ್ಯಾಂಡಿನಲ್ಲಿ ಝುಬೈರ್ ಬಂದು ಕೊಂಡೊಯ್ಯುತ್ತಾನೆಂದು ಹೇಳಿ ಕಳುಹಿಸಿದರು. ನಮ್ಮ ಕಡೆ ಬಾಳೆಎಲೆಯಲ್ಲಿ ಸುತ್ತಿದ ಮಲ್ಲಿಗೆ ಅಟ್ಟೆಯೂ ಮದುವೆ ಕಾಗದವೂ ಮರೆತುಬಿಟ್ಟ ಕನ್ನಡಕವೂ ಹೋಗುವುದು ಹಾಗೆಯೇ. ಡ್ರೈವರು ಅತಿ ಭಕ್ತಿಯಿಂದ ಅದನ್ನು ತನ್ನ ಪಕ್ಕದ ಇಂಜಿನ್ ಮುಚ್ಚಳದ ಮೇಲೆ ಅಗಲವಾಗಿ ಹಾಸಿದ. ಆ ಮುಚ್ಚಳದ ಮೇಲೆ ದೋಸೆ ಹೊಯ್ದರೆ ಸಿದ್ಧಕಟ್ಟೆ ಬರುವಷ್ಟರಲ್ಲಿ ಗರಿಗರಿಯಾಗುತ್ತದೆ.

ಶನಿವಾರ ಮಧ್ಯಾಹ್ನ ಗ್ಲಾಸು ಅದೇ ಬಸ್ಸಿನಲ್ಲಿ ಬಂತು. ಹಾಸಿಗೆಯಲ್ಲಿ ಸುತ್ತಿ, ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ ಕಳುಹಿಸಿದ್ದರು. ಜೊತೆಗೆ ಅಳತೆಯ ಹಾಳೆಯೂ ಇತ್ತು. ಚಿದಾನಂದ ಒಡೆದದ್ದನ್ನು ಬಿಚ್ಚಿ ತೆಗೆದು ಹೊಸ ಗ್ಲಾಸನ್ನು ಚೌಕಟ್ಟಿನ ಮೇಲೆ ಇಟ್ಟ. ಅದು ತೊಟ್ಟಿಲಿಗೆ ಜಾರುವ ಮಗುವಿನಂತೆ ಒಳಗೆ ಜಾರಿ ಡ್ಯಾಶ್‌ಬೋರ್ಡಿನ ಮೇಲೆ ಕುಳಿತಿತು. ಸುತ್ತಲೂ ಬೆರಳು ತೂರುವಷ್ಟು ಸಂದು. ಶಶಿಪ್ರಭಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಚಿದಾನಂದ ಬಹಳ ಹೊತ್ತು ಗಾಡಿಯನ್ನೇ ಸಂಶಯದಿಂದ ನೋಡಿದ.

"ಗ್ಲಾಸು ಸರಿಯೇ ಉಂಟು," ಎಂದ ಕೊನೆಗೆ. "ಗಾಡಿ ದೊಡ್ಡದಾಗಿದೆ."

ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ, ಅದರಲ್ಲೂ ಹೊರದೇಶದ ಕಬ್ಬಿಣಕ್ಕೆ ನಮ್ಮ ಸೆಕೆ ಅಭ್ಯಾಸವಿಲ್ಲ ಎಂದು ಅವನು ವಿವರಿಸುತ್ತಿದ್ದಾಗ ಪ್ರಾಪ್ತಿ ಝುಬೈರನಿಗೆ ಫೋನು ಮಾಡಿದಳು. ತಾನು ಹಾಳೆಯಿದ್ದಷ್ಟೇ ಕೊಯ್ದಿದ್ದೇನೆ, ಕೂದಲೆಳೆಯ ವ್ಯತ್ಯಾಸವಿಲ್ಲ, ಹಾಳೆ ಮಾತ್ರ ಹಪ್ಪಳದ ಹಾಗೆ ಬಂದಿತ್ತು ಎಂದು ಅವನೆಂದ. ಅಷ್ಟು ದಪ್ಪದ ಗ್ಲಾಸು ತನ್ನಲ್ಲಿದ್ದುದು ಅದೊಂದೇ; ಇನ್ನು ಸೋಮವಾರ ಮಂಗಳೂರಿನಿಂದ ಬರಬೇಕು. ಶಶಿಪ್ರಭಾ ಆ ಒಣಗಿದ ಹಾಳೆಯನ್ನು ಬಾನಿಯ ನೀರಿಗೆ ಹಾಕಿದರು. ಸ್ವಲ್ಪ ಹೊತ್ತಿನಲ್ಲಿ ಎತ್ತಿ ಚೌಕಟ್ಟಿನ ಮೇಲಿಟ್ಟರೆ ಅದು ಮತ್ತೆ ಹಿಗ್ಗಿ, ಒಂದು ನೂಲಿನಷ್ಟೂ ಹೆಚ್ಚು ಕಡಿಮೆಯಿಲ್ಲದೆ ಕುಳಿತಿತು.

"ನಿನ್ನ ಗಾಡಿ ಹಿಗ್ಗಿದ್ದಲ್ಲ ಚಿದಾನಂದ, ನಿನ್ನ ಹಾಳೆ ಕುಗ್ಗಿದ್ದು," ಎಂದರು.

ಚಿದಾನಂದ ಅಂಗಳದ ತುದಿಗೆ ಹೋಗಿ ನಿಂತ. ಪ್ರಾಪ್ತಿ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಳು. ಮಂಗಳೂರಿನ ಡಾಕ್ಟ್ರು ಆ ಸೀಟಿನಲ್ಲಿ ಕೂತು ಬೆಲ್ಟು ಬಿಗಿಯುವುದು ಅವಳಿಗೆ ಎದುರಿಗೇ ನಡೆದಂತೆ ಕಂಡಿತು. ಬೆರಳಗಲದ ಸಂದಿನ ಕಡೆ ನೋಡುತ್ತ ನೋಡುತ್ತ, ಆ ಸಂದಿನಲ್ಲಿ ಈಗ ಇರುವುದು ಸಪೂರದ ರಬ್ಬರು ತಾನೇ, ದಪ್ಪದ್ದು ಹಾಕಿದರೆ ಎಂದು ಕೇಳಿದಳು. ಮೆಲ್ಲಗೆ ಕೇಳಿದ್ದು. ಆದರೆ ಚಿದಾನಂದ ಆ ಮಾತಿಗೆ ಅಂಗಳದ ತುದಿಯಿಂದ ಒಂದೇ ನೆಗೆತಕ್ಕೆ ಬಂದ; ನಡುವೆ ಅವನ ಕಾಲು ನೆಲಕ್ಕೆ ತಾಗಿದ್ದನ್ನು ಯಾರೂ ನೋಡಿಲ್ಲ.

"ಬಸ್ಸಿನ ಬೀಡಿಂಗ್. ಗುರುವಾಯನಕೆರೆಯಲ್ಲಿ ಹಳೆ ಬಸ್ಸು ಬಿಚ್ತಾ ಇದ್ದಾರೆ. ಅದರ ರಬ್ಬರು ಹೆಬ್ಬಾವಿನಷ್ಟು ಉಂಟು. ಹೋಗುವ ಅಕ್ಕ, ಈಗಲೇ ಹೋಗುವ."

ಪ್ರಾಪ್ತಿಯ ಸ್ಕೂಟರು ಅಂದು ಓಡಿದಂತೆ ಬೊರಾಸ್ಕಾ ಕೂಡ ಇಟಲಿಯಲ್ಲಿ ಓಡಿರಲಿಕ್ಕಿಲ್ಲ. ಬಂಟ್ವಾಳ ಕಳೆದದ್ದು ಗೊತ್ತಾಗಲಿಲ್ಲ, ಪುಂಜಾಲಕಟ್ಟೆಯ ಏರು ಇಳಿಜಾರಿನಂತೆ ಭಾಸವಾಯಿತು. ಹಿಂದೆ ಕುಳಿತ ಚಿದಾನಂದ ದಾರಿಯುದ್ದಕ್ಕೂ ಇದೇ ತನ್ನ ಮೂಲ ಯೋಜನೆಯಾಗಿತ್ತೆಂದು ಗಾಳಿಗೆ ಕೂಗಿ ಹೇಳುತ್ತಿದ್ದ. ಬೆಳ್ತಂಗಡಿಗೆ ಇನ್ನು ಸ್ವಲ್ಪವಿರುವಾಗ, ಗುರುವಾಯನಕೆರೆಯ ಗುಜರಿಯಲ್ಲಿ ಬಸ್ಸೊಂದು ಚಕ್ರವಿಲ್ಲದೆ ಮೊಣಕಾಲೂರಿ ಕೂತಿತ್ತು. ಅದರ ಎದುರಿನ ರಬ್ಬರನ್ನು ಇಬ್ಬರೂ ಸೇರಿ ಎಳೆದು ಬಿಚ್ಚಿದರು. ಅದನ್ನು ಕೊರಳಿಗೆ ಮಾಲೆಯಂತೆ ಹಾಕಿಕೊಂಡು ಚಿದಾನಂದ ಮತ್ತೆ ಸ್ಕೂಟರು ಹತ್ತಿದ. ದಾರಿಯಲ್ಲಿ ಒಬ್ಬಿಬ್ಬರು ಅವನನ್ನು ಚುನಾವಣೆ ಗೆದ್ದವನೆಂದು ತಿಳಿದು ಕೈ ಮುಗಿದರಂತೆ.

ಸಂಜೆ ಬಿಸಿಲಿರುವಾಗಲೇ ಕೂರಿಸುವ ಕೆಲಸ ಶುರುವಾಯಿತು. ಗ್ಲಾಸಿನ ಸುತ್ತ ರಬ್ಬರು ತೊಡಿಸಿ, ರಬ್ಬರಿನ ಹೊರಗಿನ ಸೀಳಿನೊಳಗೆ ನೈಲಾನು ಹಗ್ಗ ಸುತ್ತಿಸಿ, ಹಗ್ಗದ ತುದಿ ಗಾಡಿಯ ಒಳಗೆ ಬಿಟ್ಟರು. ಚಿದಾನಂದ ಹೊರಗಿನಿಂದ ಗ್ಲಾಸು ಒತ್ತಬೇಕು. ಪ್ರಾಪ್ತಿ ಒಳಗೆ ಕೂತು ಹಗ್ಗ ಎಳೆಯಬೇಕು. ಎಳೆದ ಹಾಗೆ ರಬ್ಬರಿನ ತುಟಿ ಕಬ್ಬಿಣದ ಅಂಚನ್ನು ದಾಟಿ ಒಳಬದಿಗೆ ಹಾರಬೇಕು. ಎಳೆದದ್ದು ಹೆಚ್ಚಾದರೆ ಗ್ಲಾಸು ಒಡೆಯುತ್ತದೆ. ಬಸ್ಸಿನ ರಬ್ಬರು ಹಠಮಾರಿ. ಮೊದಲ ಮೂಲೆಯಲ್ಲೇ ಸಿಕ್ಕಿಕೊಂಡಿತು. ಸೋಪಿನ ನೀರು ಹಾಕಿದರು, ಜಗ್ಗಲಿಲ್ಲ. ತೆಂಗಿನೆಣ್ಣೆ ಹಾಕಿದರೆ ರಬ್ಬರು ಕೊಳೆಯುತ್ತದೆಂದು ಚಿದಾನಂದ ಬೇಡವೆಂದ. ಶಶಿಪ್ರಭಾ ಬೇಲಿಯ ದಾಸವಾಳದ ಎಲೆ ಕಿತ್ತು, ತಲೆಗೆ ಹಚ್ಚಲು ಮಾಡುವ ಹಾಗೆ ಕಿವುಚಿ, ಒಂದು ತಪಲೆ ತುಂಬ ಲೋಳೆ ಮಾಡಿ ತಂದರು. ಆ ಲೋಳೆ ಸವರಿದರೆ ಪಿಲಿಕುಳ ಮೃಗಾಲಯದ ಹುಲಿಯೂ ಬೋನಿನ ಸರಳಿನ ಸಂದಿನಲ್ಲಿ ಜಾರಿಬಂದೀತು.

ಪ್ರಾಪ್ತಿ ಹಗ್ಗವನ್ನು ಅಂಗೈಗೆ ಸುತ್ತಿಕೊಂಡಳು. ಚಿದಾನಂದ ಎರಡೂ ಅಂಗೈಗಳಿಂದ ಗ್ಲಾಸಿಗೆ ತಟ್ಟಿದ, ಅವಳು ಎಳೆದಳು. ಟಪ್ಪೆಂದು ಒಂದು ಮೂಲೆ ಕೂತಿತು. ಮತ್ತೆ ತಟ್ಟಿದ, ಮತ್ತೆ ಎಳೆದಳು. ಮೇಲಿನ ಅಂಚಿನಲ್ಲಿ ಗ್ಲಾಸು ಕಿರ್ರೆಂದಿತು. ಅಂಗಳದ ಕೋಳಿಗಳೂ ಕೆದಕುವುದನ್ನು ನಿಲ್ಲಿಸಿದವು.

"ಎಳೀರಿ ಅಕ್ಕ, ನಿಲ್ಲಿಸ್ಬೇಡಿ. ಕೂಗುವ ಗ್ಲಾಸು ಒಡೆಯುವುದಿಲ್ಲ."

ಅವಳು ಕಣ್ಣುಮುಚ್ಚಿ ಎಳೆದಳು. ಹಗ್ಗ ಸರ್ರನೆ ಪೂರ್ತಿ ಸುತ್ತಿ ಅವಳ ಮಡಿಲಿಗೆ ಬಿತ್ತು. ಕಣ್ಣು ತೆರೆದರೆ ಎದುರಿಗೆ ಗ್ಲಾಸು, ಗ್ಲಾಸಿನಾಚೆ ಲೋಳೆ ಮೆತ್ತಿದ ಮುಖದ ಚಿದಾನಂದ ನಗುತ್ತಿದ್ದ. ಚಂದವೋ ಎಂದರೆ ಚಂದವಲ್ಲ: ಸಪೂರ ಹುಡುಗಿಯ ಕಣ್ಣಿಗೆ ಯಕ್ಷಗಾನದ ಬಣ್ಣದ ವೇಷದವರ ಕಾಡಿಗೆ ಬಳಿದಂತೆ ಗಾಡಿಯ ಗ್ಲಾಸಿನ ಸುತ್ತ ಕಪ್ಪು ರಬ್ಬರು ದಪ್ಪಗೆ ಕೂತಿತ್ತು. ಅದನ್ನು ನೋಡದಿರಲು ಮಾವ ಕುರುಡರಾಗಿರಬೇಕಿತ್ತು.

ಭಾನುವಾರ ಬೆಳಗ್ಗೆ ಪ್ರಾಪ್ತಿ ಗೇಟು ದಾಟಿ ಎರಡನೇ ಗೇರು ಹಾಕಿದಳು. ಮೂರನೆಯದನ್ನೂ ಹಾಕಿದಳು. ಹೆದರಿಕೆ ಬಿ.ಸಿ.ರೋಡಿನವರೆಗೆ ಜೊತೆಗಿತ್ತು, ಆಮೇಲೆ ಅದಕ್ಕೆ ಆ ವೇಗಕ್ಕೆ ಬರಲಾಗಲಿಲ್ಲ. ಸಿದ್ಧಕಟ್ಟೆಯ ತಿರುವಿನಲ್ಲಿ ಮೂಡಬಿದ್ರೆಯ ಖಾಸಗಿ ಬಸ್ಸೊಂದು ಹಾರ್ನು ಹೊಡೆಯುತ್ತ ಹಿಂದೆ ಬಿತ್ತು. ಆ ಬಸ್ಸುಗಳಿಗೆ ದಾರಿ ಬಿಡದವರು ಆ ರಸ್ತೆಯ ಚರಿತ್ರೆಯಲ್ಲೇ ಇಲ್ಲ. ಪ್ರಾಪ್ತಿ ಬಿಡಲಿಲ್ಲ. ಗಾಳಿ ಬಂದು ಗ್ಲಾಸಿಗೆ ಗುದ್ದಿತು, ಗ್ಲಾಸು ಅಲುಗಲಿಲ್ಲ; ಬಸ್ಸು ಕನ್ನಡಿಯಲ್ಲಿ ಸಣ್ಣದಾಗುತ್ತ ಆಗುತ್ತ ಕಡಲೆಯಷ್ಟಾಗಿ ಮಾಯವಾಯಿತು. ಅವಳು ಒಬ್ಬಳೇ ಗಟ್ಟಿಯಾಗಿ ನಕ್ಕಳು.

ಮೈದಾನದಲ್ಲಿ ಮಾವ ಕಾಯುತ್ತಿದ್ದರು, ಪಕ್ಕದಲ್ಲಿ ಡಾಕ್ಟ್ರು. ಬೊರಾಸ್ಕಾ ನಿಂತದ್ದೇ ತಡ, ಬೇರೆ ಗಾಡಿಗಳ ಸುತ್ತ ಇದ್ದ ಜನವೆಲ್ಲ ಅಲ್ಲಿಗೆ ಬಂತು. ಮಾವನ ಕಣ್ಣು ನೇರ ರಬ್ಬರಿಗೆ ಹೋಯಿತು. ಅವರ ಮುಖ ಮೊದಲು ಬಿಳಿಚಿತು, ಆಮೇಲೆ ಗಾಡಿಯ ಬಣ್ಣಕ್ಕೆ ಬಂತು. ಬಾಯಿ ತೆರೆದರು. ಪ್ರಾಪ್ತಿ ಕೀ ತೆಗೆದು ಕೈಯಲ್ಲಿ ಹಿಡಿದು, ಕೊಡುವುದಕ್ಕೆ ಸಿದ್ಧಳಾಗಿ ಇಳಿದಳು. ಆದರೆ ಡಾಕ್ಟ್ರು ಮೊದಲೇ ಬಗ್ಗಿ, ಕನ್ನಡಕ ಏರಿಸಿ, ಪುಸ್ತಕಗಳಲ್ಲೆಲ್ಲ ತೆಳು ರಬ್ಬರಿದೆಯಲ್ಲ, ಇದೆಂಥದು ಎಂದು ಎಲ್ಲರಿಗೂ ಕೇಳುವಂತೆ ಕೇಳಿಬಿಟ್ಟರು.

ಅಷ್ಟು ಜನರ ಎದುರು ತನ್ನ ಗಾಡಿಯಲ್ಲಿ ಕೊರತೆಯಿದೆ ಎಂದು ಒಪ್ಪಿಕೊಳ್ಳುವ ಗಂಡಸು ಆ ಮನೆತನದಲ್ಲಿ ಇನ್ನೂ ಹುಟ್ಟಿಲ್ಲ. ಮಾವ ತೆರೆದ ಬಾಯಿಯನ್ನು ಮುಚ್ಚಲಿಲ್ಲ, ಅದರಲ್ಲಿ ಬೇರೆ ಮಾತು ಹಾಕಿದರು. ಇದು ಬೆಟ್ಟದ ರೇಸಿಗೆಂದು ಮಾಡಿದ ಮಾದರಿ, ಗಾಳಿಗೆ ಗ್ಲಾಸು ಕಿತ್ತುಹೋಗದಂತೆ ಹಡಗಿನ ರಬ್ಬರು, ಇಟಲಿಯ ಮುದುಕನೊಬ್ಬ ಕೈಯಲ್ಲೇ ಎರೆದದ್ದು, ಅವನು ಸತ್ತ ಮೇಲೆ ಆ ವಿದ್ಯೆಯೇ ಹೋಯಿತು. ಜನ ರಬ್ಬರನ್ನು ಮುಟ್ಟಿ ಮುಟ್ಟಿ ನೋಡಿದರು. ಡಾಕ್ಟ್ರ ಕಣ್ಣಲ್ಲಿ ನೀರು ನಿಂತಿತು. ಹಾಗಾದರೆ ಈಗಲೇ ಮಾತು ಮುಗಿಸುವ, ಗಾಡಿ ತನಗೆ ಬೇಕೇ ಬೇಕು ಎಂದು ಮಾವನ ಕೈ ಹಿಡಿದರು.

ಮಾವ ಡಾಕ್ಟ್ರನ್ನು ನೋಡಿದರು, ಜನರನ್ನು ನೋಡಿದರು, ಪ್ರಾಪ್ತಿಯ ಕೈಯ ಕೀಯನ್ನು ನೋಡಿದರು. ಕೊಟ್ಟರೆ ನಾಳೆಯೇ ಮಂಗಳೂರಿನಲ್ಲಿ ಯಾವನಾದರೂ ಮೆಕ್ಯಾನಿಕ್ಕು ಆ ರಬ್ಬರು ಬಿಚ್ಚುತ್ತಾನೆ.

"ಇಂಥ ಗಾಡಿಯನ್ನು ಹೊರಗಿನವರಿಗೆ ಕೊಡ್ಲಿಕ್ಕೆ ಆಗ್ತದಾ ಡಾಕ್ಟ್ರೇ?" ಎಂದರು, ಎದೆ ಉಬ್ಬಿಸಿ. "ಇದು ನನ್ನ ಸೊಸೆಗೆ."

ಜನ ಚಪ್ಪಾಳೆ ಹೊಡೆದರು. ರ‍್ಯಾಲಿಯವರು ಗಾಡಿಗಳನ್ನು ಸಾಲಿಗೆ ಕರೆದರು. ಮಾವ ಬಲಗಡೆಯ ಸೀಟಿಗೆ ಹೋಗಿ ಕೂತು ಬಾಗಿಲು ಹಾಕಿಕೊಂಡರು. ಪ್ರಾಪ್ತಿ ಸ್ಟೇರಿಂಗಿನ ಹಿಂದೆ ಕೂತಳು. ನಗಬೇಕೋ ಕ್ಷಮೆ ಕೇಳಬೇಕೋ ಅವಳಿಗೆ ತಿಳಿಯಲಿಲ್ಲ. ಮಾವ ಗ್ಲಾಸಿನಾಚೆ ನೆಟ್ಟ ನೋಟ ತೆಗೆಯದೆ, ತುಟಿ ಅಲುಗಿಸದೆ ಕೇಳಿದರು.

"ಯಾವ ಬಸ್ಸಿದ್ದು?"

"ಧರ್ಮಸ್ಥಳ ಲೈನಿದ್ದಂತೆ ಮಾವ. ಗುರುವಾಯನಕೆರೆ ಗುಜರಿಯದ್ದು."

ಮಾವ ರಬ್ಬರನ್ನು ಒಳಗಿನಿಂದ ಹೆಬ್ಬೆರಳಿನಲ್ಲಿ ಒತ್ತಿ ನೋಡಿದರು. ಅದು ಬಗ್ಗಲಿಲ್ಲ.

"ಗಟ್ಟಿ ಉಂಟು," ಎಂದರು. "ಇನ್ನು ಬಿಡು ಗಾಡಿ, ಆ ಡಾಕ್ಟ್ರು ಮತ್ತೊಮ್ಮೆ ಬಗ್ಗುವ ಮೊದಲು."

ಬಾವುಟ ಕೆಳಗಿಳಿಯಿತು. ಪ್ರಾಪ್ತಿ ಕ್ಲಚ್ಚು ಬಿಟ್ಟಳು.