ಹೆಗಲ ಮೇಲಿನ ಕೈ

“ಎಡಗಡೆ ಹಗ್ಗ ಇನ್ನೊಂಚೂರು ಜಗ್ಗು ಮಗಾ, ನಿಮ್ಮಪ್ಪ ವಾಲ್ಕೊಂಡಂಗೆ ಕಾಣ್ತಾರೆ,” ಅಂತ ಫ್ಲೆಕ್ಸ್ ಅಂಗಡಿ ಅಕ್ಬರ್ ಪಾಷಾ ಏಣಿ ಮೇಲಿಂದ ಕೂಗಿದ.

ನಂದಕುಮಾರ್ ನುಗ್ಗೆಮರಕ್ಕೆ ಕಾಲು ಕೊಟ್ಟು ಜಗ್ಗಿದ. ಫ್ಲೆಕ್ಸು ಪಟಪಟ ಅಂತ ಬಿಚ್ಕೊಂಡು ಕೊಡಿಗೇಹಳ್ಳಿಯ ಆ ಗಲ್ಲಿಗೆಲ್ಲ ನೆರಳು ಕೊಡೋ ಹಂಗೆ ನಿಂತ್ಕೊಂತು. ಎಷ್ಟು ದೊಡ್ಡದು ಅಂದ್ರೆ, ದಾಸಪ್ಪನ ಮೀಸೆ ಮೇಲೆ ಎರಡು ಕಾಗೆ ಸಂಸಾರ ಹೂಡಬಹುದಿತ್ತು.

ಅಸಲಿ ದಾಸಪ್ಪ ಅದರ ಕೆಳಗೇ, ಬಾಗಿಲ ಮುಂದೆ, ಕುರ್ಚಿ ಮೇಲೆ ಕೂತಿದ್ದ. ಬೆಳಗ್ಗೆ ಐದಕ್ಕೆ ಜೀವ ಹೋಗಿತ್ತು. ತಮ್ಮ ಯೋಗಾನಂದನೇ ನಿಂತು ಸ್ನಾನ ಮಾಡಿಸಿ, ಹಣೆಗೆ ನಾಮ ಇಟ್ಟು, ಬಿಳಿ ಶಾಲು ಹೊದಿಸಿ, ಗದ್ದಕ್ಕೆ ಬಟ್ಟೆ ಕಟ್ಟಿ ಕೂರಿಸಿದ್ದ. ಇನ್ನು ಬಾಯಿಗೆ ಅಕ್ಕಿ ಹಾಕಿದ್ರೆ ಎತ್ತೋದೊಂದೇ ಬಾಕಿ.

ಕಾಲ ಹತ್ರ ಕೂತಿದ್ದ ಹೆಂಡತಿ ಸೊಣ್ಣಮ್ಮ ತಲೆ ಎತ್ತಿ ಫ್ಲೆಕ್ಸ್ ನೋಡಿದಳು. ಆಪರೇಷನ್ ಆದ ಕಣ್ಣು ಅದು. ಹತ್ತಿರದ್ದೆಲ್ಲ ಮಸುಕು, ದೂರದ್ದು ಮಾತ್ರ ಹದ್ದಿಗೆ ಕಂಡಂಗೆ ಕಾಣ್ತಿತ್ತು.

ಗಂಡನ ಎಡ ಹೆಗಲ ಮೇಲೆ ಒಂದು ಕೈ ಇತ್ತು.

ಬರೀ ಕೈ. ಐದು ಬೆರಳು, ಮಣಿಕಟ್ಟಿಗೆ ಚಿನ್ನದ ಬಣ್ಣದ ವಾಚು, ಅದರ ಹಿಂದೆ ಎರಡು ಬೆರಳಗಲ ಕೆಂಪು ಸ್ವೆಟರಿನ ತೋಳು. ಅಲ್ಲಿಂದಾಚೆಗೆ ಮೋಡ, ಪಾರಿವಾಳ, ‘ಮತ್ತೆ ಹುಟ್ಟಿ ಬನ್ನಿ’ ಅನ್ನೋ ಅಕ್ಷರ. ಹೆಂಗ್ಸಿನ ಬಲಗೈ ಅದು. ಬಲಗೈಗೆ ವಾಚು ಕಟ್ಟೋ ಹೆಂಗ್ಸು.

ಸೊಣ್ಣಮ್ಮನ ಅಳು ಕತ್ತರಿಸಿದಂಗೆ ನಿಂತೋಯ್ತು.

“ನಂದಾ, ಯಾರ್ದ್ಲಾ ಆ ಕೈ?”

ನಂದಕುಮಾರ್ ಹಗ್ಗ ಕಟ್ಟೋದ್ರಲ್ಲೇ ಮುಳುಗಿದವನ ಥರ ನಟಿಸಿ, ಆಮೇಲೆ ಹೇಳಿದ. ಟ್ರಂಕಲ್ಲಿ ರೇಷನ್ ಕಾರ್ಡ್ ಜೊತೆ ಸಿಕ್ಕಿದ ಫೋಟೋ ಅಂತೆ, ಅಪ್ಪನ ಸುತ್ತಕ್ಕೂ ಯಾರೋ ಕತ್ತರಿ ಆಡಿಸಿದ್ರಂತೆ, ಆಧಾರಲ್ಲಿರೋ ಫೋಟೋ ಹಾಕಿದ್ರೆ ಅಪ್ಪ ಸರಗಳ್ಳನ ಥರ ಕಾಣ್ತಾರಂತೆ. ಅಕ್ಬರ್ ಪಾಷಾ ತನ್ನ ಪಾಲಿನದ್ದನ್ನೂ ಒಪ್ಪಿಸಿದ. ಕೈ ಅಳಿಸೋಕೆ ನೋಡಿದ್ನಂತೆ, ಜೊತೆಗೆ ಹೆಗಲೂ ಹೋಗ್ತಿತ್ತಂತೆ, ಹೆಗಲಿಲ್ಲದ ಮನುಷ್ಯನ್ನ ಹೆಂಗೆ ನೇತಾಕೋದು ಅಂತ ಬಿಟ್ಟನಂತೆ.

*

ನಲವತ್ತೊಂದು ವರ್ಷದ ಸಂಸಾರ. ದಾಸಪ್ಪ ಸಹಕಾರನಗರದ ದೊಡ್ಡದೊಡ್ಡ ಮನೆಗಳಿಗೆ ಮಾಲಿ. ಅವನು ಬೈದ್ರೆ ಮೊಗ್ಗು ಹೆದರಿ ಅರಳ್ತಿತ್ತು, ಅವನು ಹೊಗಳಿದ್ರೆ ಒಣ ಕಡ್ಡಿ ಚಿಗುರ್ತಿತ್ತು ಅಂತ ಜನ ಹೇಳೋರು. ಗಿಡದ ಜೊತೆ ಅಷ್ಟು ಮಾತಾಡೋ ಮನುಷ್ಯ ಮನೆಗೆ ಬಂದ್ರೆ ಮುದ್ದೆ, ಸಾರು, ನಿದ್ದೆ. ಹೆಂಡತೀನ ಒಂದಿನವೂ ಹೆಸರು ಹಿಡಿದು ಕರೆದವನಲ್ಲ. ರೋಡಲ್ಲಿ ಯಾವಾಗಲೂ ಹತ್ತು ಹೆಜ್ಜೆ ಮುಂದೆ. ಸೊಣ್ಣಮ್ಮ ಅವನ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ನೋಡಿದ್ದಳು.

ಮನೇಲಿ ಒಂದೇ ಒಂದು ಕಟ್ಟಪ್ಪಣೆ ಇತ್ತು. ಅವನ ಪಟಾಪಟಿ ಚಡ್ಡಿ ಜೇಬಿಗೆ ಯಾರೂ ಕೈ ಹಾಕಬಾರದು. ಬಟ್ಟೆ ಒಗೆಯೋಕೆ ಹಾಕೋ ಮುಂಚೆ ಆ ಚಡ್ಡಿ ಜೇಬಿಂದ ಅದೇನೋ ಪೊಟ್ಟಣ ತೆಗೆದು, ಹೊಸ ಚಡ್ಡಿ ಜೇಬಿಗೆ ತಾನೇ ಸೇರಿಸೋನು. ಹೊಗೆಸೊಪ್ಪು ಇರಬೇಕು, ಹಾಳಾಗಿ ಹೋಗ್ಲಿ ಅಂತ ಸೊಣ್ಣಮ್ಮ ಸುಮ್ನಿದ್ದಳು.

ಈಗ ಕೂತು ಲೆಕ್ಕ ಹಾಕಿದ್ರೆ, ಅವನು ಹೊಗೆಸೊಪ್ಪು ಹಾಕ್ಕೊಂಡಿದ್ದನ್ನ ಅವಳು ಒಂದಿನವೂ ನೋಡಿರಲಿಲ್ಲ.

*

ಮಧ್ಯಾಹ್ನದ ಹೊತ್ತಿಗೆ ಹೆಂಗಸರು ಸೇರಿದರು. ಸೊಣ್ಣಮ್ಮ ಅಪ್ಪಿಕೊಂಡು ಅಳೋಕೆ ಬಂದೋರ ಮುಖ ನೋಡಲಿಲ್ಲ, ಬಲಗೈ ನೋಡಿದಳು. ಟೈಲರ್ ಅಂಗಡಿ ರೆಹಾನಾಳ ಕೈಯನ್ನಂತೂ ಬಿಸಿಲಿಗೆ ಹಿಡಿದು ಮಗುಚಿ ಹಾಕಿ ನೋಡಿ ಬಿಟ್ಟಳು. ಸುದ್ದಿ ಹಬ್ಬೋಕೆ ಎಷ್ಟು ಹೊತ್ತು? ಆಮೇಲೆ ಬಂದೋರೆಲ್ಲ ಸೆರಗಿನೊಳಗೆ ಕೈ ಮುಚ್ಚಿಕೊಂಡೇ ಬಂದರು. ನೋಡಿದೋರು ಊರಿಗೇ ಚಳಿಜ್ವರ ಬಂದಿದೆ ಅನ್ಕೋಬೇಕು.

ಆಗ ಬಂದಳು ಕಲಾವತಿ. ಸಹಕಾರನಗರದ ಪಾರ್ಕಿನ ಗೇಟಲ್ಲಿ ಹೂ ಮಾರೋಳು. ದಾಸಪ್ಪ ದಿನಾ ಅವಳಿಗೆ ಗುಲಾಬಿ ತಂದು ಕೊಡ್ತಿದ್ದ. “ಅಣ್ಣಾ,” ಅಂತ ಕಾಲ ಮೇಲೆ ಬಿದ್ದು ಅತ್ತಳು, ಸ್ವಂತ ತಂಗಿಯೂ ಅಷ್ಟು ಅಳಲ್ಲ. ಅಳುತ್ತಾ ಕೈ ಎತ್ತಿದಾಗ ಬಲ ಮಣಿಕಟ್ಟಲ್ಲಿ ವಾಚು ಹೊಳೀತು.

“ಕಲಾವತಿ, ವಾಚ್ ಯಾಕಮ್ಮ ಬಲಗೈಗೆ ಕಟ್ಟಿದ್ದೀಯ?”

“ಎಡಗೈಲಿ ಹೂ ಕಟ್ತೀನಲ್ಲಕ್ಕ, ದಾರ ಸಿಗಾಕ್ಕೊಳ್ಳುತ್ತೆ.”

“ಆ ಕೈನೂ ಅಂಗೇನಾ?” ಅಂತ ಸೊಣ್ಣಮ್ಮ ಫ್ಲೆಕ್ಸ್ ಕಡೆ ಗದ್ದ ಎತ್ತಿದಳು.

ತಮಟೆಯವರೂ ಕಡ್ಡಿ ಇಳಿಸಿದರು. ಕಲಾವತಿ ಫ್ಲೆಕ್ಸ್ ನೋಡಿದಳು, ಸೊಣ್ಣಮ್ಮನ್ನ ನೋಡಿದಳು, ಸೆರಗಲ್ಲಿ ಮೂಗು ಒರೆಸಿಕೊಂಡಳು.

“ಅಕ್ಕಾ, ಫೋಟೋದಲ್ಲಿ ಅಣ್ಣನ ಮೀಸೆ ಕಪ್ಪಗದೆ. ಆಗ ನಾನು ಲಂಗ ಹಾಕ್ಕೊಂಡು ಅಂಗನವಾಡಿಲಿ ಉಪ್ಪಿಟ್ಟು ತಿಂತಿದ್ದೆ. ನಂಗೆ ಅವರ ಹೆಗಲು ಎಟುಕುತ್ತಿತ್ತಾ ನೀವೇ ಹೇಳಿ.”

ಹಿಂದೆ ಯಾರೋ ಕಿಸಕ್ಕನೆ ನಕ್ಕು ಕೆಮ್ಮಿದರು. ಸೊಣ್ಣಮ್ಮನಿಗೆ ನಾಚಿಕೆಯಾಯ್ತು, ಅನುಮಾನ ಮಾತ್ರ ಹೋಗಲಿಲ್ಲ. ಕಲಾವತಿ ಅಲ್ಲ ಅಂದ್ರೆ ಬೇರೆ ಯಾರೋ ಇದಾಳೆ. ಮೂವತ್ತು ವರ್ಷದಷ್ಟು ಹಳೆಯೋಳು.

ಯೋಗಾನಂದ ಬಂದು ಅವಸರ ಮಾಡಿದ. ಮೂರಕ್ಕೆ ರಾಹುಕಾಲ, ಅಷ್ಟರೊಳಗೆ ಎತ್ತಬೇಕು, ಅತ್ತಿಗೆ ಅಕ್ಕಿ ಹಾಕ್ಲಿ ಅಂದ. ನೆನೆಸಿದ ಅಕ್ಕಿ ತಂದು ಸೊಣ್ಣಮ್ಮನ ಬಲಗೈಗೆ ಸುರಿದರು. ಸೊಣ್ಣಮ್ಮ ಮುಷ್ಟಿ ಮುಚ್ಚಿದಳು. ಮೇಲೇಳಲಿಲ್ಲ.

“ಆಕಲ್ಲ,” ಅಂದಳು. “ಇವ್ರ ಎಗಲ ಮ್ಯಾಲೆ ಕೈ ಇಟ್ಟೋಳೇ ಬಂದು ಅಕ್ಕಿ ಆಕ್ಲಿ. ನಾನು ಯಾರು?”

ಹೆಂಡತಿ ಅಕ್ಕಿ ಹಾಕದೆ ಹೆಣ ಎತ್ತಿದ್ದು ಆ ಊರಲ್ಲೇ ಇಲ್ಲ. ಹಿರಿಯರು ಹೇಳಿದರು, ಹೆಂಗಸರು ಹೇಳಿದರು, ನಂದಕುಮಾರ್ ಕಾಲು ಹಿಡಿದ. ಮುಷ್ಟಿ ಬಿಚ್ಚಲಿಲ್ಲ. ಬೆರಳ ಸಂದಿಯಿಂದ ನೀರು ತೊಟ್ಟಿಕ್ತಾ ಇತ್ತು.

ಎಲ್ಲರೂ ಬೇಡಿಕೊಳ್ತಿದ್ರೆ ಯೋಗಾನಂದ ಮಾತ್ರ ನಿಮಿಷಕ್ಕೊಂದು ಸಲ ಅಂಗಿ ಜೇಬು ಮುಟ್ಟಿ ನೋಡ್ಕೊಳ್ತಿದ್ದ. ಸೊಣ್ಣಮ್ಮನ ಕಣ್ಣು ದೂರದ್ದನ್ನ ಬಿಡುತ್ತಾ?

“ಯೋಗಾ, ಜೇಬಲ್ಲೇನದೆ?”

“ಏನಿಲ್ಲ ಅತ್ತಿಗೆ, ಬೀಡಿ.”

“ಬೀಡಿ ಬಿಟ್ಟು ಎಂಟು ವರ್ಷ ಆಯ್ತಲ್ಲಪ್ಪ.”

ಯೋಗಾನಂದ ಬೆವತುಹೋದ. ಕೊನೆಗೆ ಬಾಯಿಬಿಟ್ಟ. ಸ್ನಾನ ಮಾಡಿಸೋವಾಗ ಅಣ್ಣನ ಪಟಾಪಟಿ ಚಡ್ಡಿ ಜೇಬಲ್ಲಿ ಪೊಟ್ಟಣ ಸಿಕ್ತಂತೆ. ಬಿಚ್ಚಿ ನೋಡಿದ್ರೆ ಯಾವಳೋ ಹೆಂಗ್ಸಿನ ಫೋಟೋ. ಅಣ್ಣನ ಮರ್ಯಾದೆ ಹೋಗದು ಬೇಡ, ಚಿತೆಗೇ ಹಾಕ್ಬಿಡೋಣ ಅಂತಿದ್ನಂತೆ.

ಹಾಲಿನ ಕವರು ಕತ್ತರಿಸಿ ಅಂಚು ಸುಟ್ಟು ಅಂಟಿಸಿದ ಪುಟ್ಟ ಪೊಟ್ಟಣ. ಸೊಣ್ಣಮ್ಮ ಎಡಗೈಯಲ್ಲಿ ಹಿಡಿದು ಮೂಗಿನ ಹತ್ರ ತಂದಳು, ದೂರ ಒಯ್ದಳು. ಕೆಂಪು ಕಂಡಿತು. ಅದೇ ಕೆಂಪು ಸ್ವೆಟರು. ಮುಖ ಬರೀ ಮಂಜು.

“ರತ್ನಕ್ಕ, ನೀನು ನೋಡಮ್ಮ. ಯಾರು ಅಂತ ಏಳು. ಸುಳ್ಳು ಮಾತ್ರ ಏಳ್ಬ್ಯಾಡ.”

ರತ್ನಕ್ಕ ಮಹಡಿ ಮನೆಗೆ ಬಾಡಿಗೆಗಿರೋಳು, ಧಾರವಾಡ ಕಡೆಯೋಳು. ಫೋಟೋ ನೋಡಿದಳು. ಸೊಣ್ಣಮ್ಮನ ಮುಖ ನೋಡಿದಳು. ಮತ್ತೆ ಫೋಟೋ ನೋಡಿದಳು.

“ಬಲಗೈ ಇಲ್ರೀ ಇಕಿಗೆ,” ಅಂದಳು. “ಮಣಿಕಟ್ಟಿನ ಮ್ಯಾಲ, ಸ್ವೆಟರ್ ತೋಳಿಗೇ ಕತ್ತರಿ ಬಿದ್ದೈತಿ. ಕೈ ಅವರ ಕಡೆ ಹೋಗೇತಿ, ಆಕಿ ಇಲ್ಲಿ ಉಳ್ದಾಳ. ಹಿಂದ ಗಂಟಿ ಚಿತ್ರ ಐತಿ, ಕ್ರಿಸ್‌ಮಸ್ ಅಂತ ಬರದೈತಿ.” ಆಮೇಲೆ ದನಿ ಇಳಿಸಿದಳು. “ಸೊಣ್ಣಮ್ಮಾರ, ಈ ಗದ್ದದ ಮ್ಯಾಲಿನ ಮಚ್ಚಿ ನಿಮ್ದ ಅಲ್ಲೇನ್ರೀ?”

ಸೊಣ್ಣಮ್ಮನ ಎಡಗೈ ತಾನಾಗೇ ಗದ್ದಕ್ಕೆ ಹೋಯ್ತು.

*

ನಂದಕುಮಾರ್ ಆಗಿನ್ನೂ ತೊಟ್ಟಿಲಲ್ಲಿದ್ದ. ಡಿಸೆಂಬರಿನ ಒಂದಿನ ಸೊಣ್ಣಮ್ಮ ಗಂಡನಿಗೆ ಬುತ್ತಿ ಒಯ್ದಿದ್ದಳು. ಫಿಲೋಮಿನಾ ಮೇಡಂ ಮನೆ. ಅವರು ವರ್ಷ ವರ್ಷ ಮನೆಯವರ ಫೋಟೋ ತೆಗೆಸಿ, ಕ್ರಿಸ್‌ಮಸ್ ಕಾರ್ಡ್ ಮಾಡಿಸಿ ನೆಂಟರಿಗೆಲ್ಲ ಕಳಿಸೋರು. ಎಲ್ಲರೂ ಕೆಂಪು ಬಟ್ಟೆ ಹಾಕ್ಕೊಂಡು ಗುಲಾಬಿ ಗಿಡದ ಮುಂದೆ ಸಾಲಾಗಿ ನಿಂತಿದ್ದರು. ಹಿಂದಿರೋ ಹೂವೆಲ್ಲ ದಾಸಪ್ಪನದು, ಅವನೂ ನಿಲ್ಲಲಿ ಅಂದ್ರು ಮೇಡಂ. ಕುರ್ಚಿ ಹಾಕಿಸಿದ್ರು. ಇವಳನ್ನ ಕಂಡಿದ್ದೇ, ನೀನಿಲ್ದೆ ಅವನದು ಫ್ಯಾಮಿಲಿ ಹೆಂಗಾಗುತ್ತೆ ಅಂತ ಎಳೆದು ತಮ್ಮ ಸ್ವೆಟರ್ ತೊಡಿಸಿದ್ರು. ಕೈ ಬೋಳು ಕಾಣುತ್ತೆ ಅಂತ ತಮ್ಮ ವಾಚು ಬಿಚ್ಚಿ, ಫೋಟೋಗೆ ಕಾಣೋ ಕೈಗೇ ಕಟ್ಟಿದ್ರು.

ಫೋಟೋದವನು ಹೆಗಲ ಮೇಲೆ ಕೈ ಇಡಮ್ಮ ಅಂದ. ಇಟ್ಟಳು. ಅಂಗೈ ಕೆಳಗೆ ಗಂಡನ ಹೆಗಲು ಕಲ್ಲಾಗಿತ್ತು. ಕ್ಲಿಕ್ ಅನ್ನೋಷ್ಟರಲ್ಲಿ ಒಂಚೂರು ಸಡಿಲ ಆಯ್ತು.

ವಾಪಸ್ ಬರ್ತಾ ಅವಳಿಗೆ ಭಯ ಹಿಡೀತು. ಗಂಡನ ಮೈಮೇಲೆ ಕೈ ಇಟ್ಟು ಫೋಟೋ ತೆಗೆಸಿಕೊಂಡಿದ್ದು ಅತ್ತೆಗೆ ಗೊತ್ತಾದ್ರೆ ಬಾವಿಗೆ ನೂಕ್ತಾಳೆ, ಫೋಟೋ ಬಂದ್ರೆ ಸುಟ್ಟಾಕಿ ಅಂತ ದಾರಿಯುದ್ದಕ್ಕೂ ಗೋಗರೆದಳು. ಮುಂದಿನ ತಿಂಗಳು ಒಂದಿನ, ಹತ್ತು ಹೆಜ್ಜೆ ಮುಂದೆ ಹೋಗ್ತಿದ್ದ ಬೆನ್ನು ತಿರುಗದೇನೇ ಹೇಳಿತ್ತು.

“ಸುಟ್ಟಾಕ್ದೆ ಕಣೆ.”

*

ಸೊಣ್ಣಮ್ಮ ಎದ್ದಳು. ಜನ ದಾರಿ ಬಿಟ್ಟರು. ಯಾರ ಮುಖವನ್ನೂ ನೋಡದೆ ಗಂಡನ ಮುಂದೆ ನಿಂತು ಮುಷ್ಟಿ ಬಿಚ್ಚಿದಳು. ಅಕ್ಕಿ ಅಂಗೈ ಶಾಖಕ್ಕೆ ಬೆಚ್ಚಗಾಗಿತ್ತು. ಮೂರು ಸಲ ಬಾಯಿಗೆ ಹಾಕಿದಳು.

“ಸುಳ್ಳ,” ಅಂದಳು, ಅವನಿಗೊಬ್ಬನಿಗೇ ಕೇಳಿಸೋ ಹಂಗೆ.

ಅಕ್ಬರ್ ಪಾಷಾ ಹತ್ರ ಬಂದು, ಫ್ಲೆಕ್ಸಿನ ಆ ಕೈ ಮೇಲೆ ಒಂದು ಪಾರಿವಾಳ ಅಂಟಿಸಿಬಿಡ್ಲಾ ಅಮ್ಮಾ ಅಂತ ಮೆಲ್ಲಗೆ ಕೇಳಿದ. ಸೊಣ್ಣಮ್ಮ ಬೇಡ ಅಂತ ತಲೆ ಅಲ್ಲಾಡಿಸಿದಳು. ಕುರ್ಚಿಯ ಎಡಗಡೆ ಹೋದಳು. ಅಷ್ಟು ಜನರ ಎದುರಿಗೆ, ಗಂಡನ ಹೆಗಲ ಮೇಲೆ ಬಲಗೈ ಇಟ್ಟು, ಫೋಟೋಗೆ ನಿಂತೋಳ ಹಂಗೆ ನೆಟ್ಟಗೆ ನಿಂತಳು.

ತಮಟೆ ಶುರುವಾಯ್ತು. ನಾಲ್ಕು ಜನ ಬಗ್ಗಿ ಕುರ್ಚಿ ಎತ್ತಿದರು. ಅವಳ ಕೈ ಜಾರಿತು. ದಾಸಪ್ಪ ಮುಂದೆ ಮುಂದೆ ಹೋದ, ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ದೂರದ್ದು ಕಾಣೋ ಅವಳ ಕಣ್ಣಿಗೆ ಗಲ್ಲಿಯ ತಿರುವಿನ ತನಕವೂ ಕಾಣಿಸ್ತಾನೇ ಇತ್ತು, ಶಾಲಿನ ಎಡ ಹೆಗಲ ಮೇಲೆ ಅಂಟಿಕೊಂಡಿದ್ದ ನಾಲ್ಕು ಅಕ್ಕಿಕಾಳು.