ಅಡ್ಡಪಟ್ಟಿ

ಎಪ್ಪತ್ತೈದನೇ ಇಸವಿಯ ಆ ಬೆಳಿಗ್ಗೆ ಸುಂಕದಕಟ್ಟೆಯ ಮುಂದಿದ್ದ ಗಹನವಾದ ಪ್ರಶ್ನೆ ಎರಡು ಮೊಳೆಗಳದ್ದು: ಕೀಳುವುದೋ, ಬಿಡುವುದೋ. ಅಂಜಿನಯ್ಯ ಆಗಲೇ ಒಂದರ ತಲೆಗೆ ಇಕ್ಕಳ ಹಾಕಿದ್ದ.

“ಮುಟ್ಬೇಡ ಕಣೋ,” ಎಂದಳು ರಾಮಕ್ಕ.

ಅವಳ ಗಂಡ, ಬಡಗಿ ವೆಂಕಟರಮಣಪ್ಪ, ಒಳಗೆ ಹಲಗೆಯ ಮೇಲೆ ಸತ್ತು ಮಲಗಿದ್ದ. ಜೀವಮಾನವೆಲ್ಲ ರಾಜಾಜಿನಗರದವರಿಗೆ ಬಾಗಿಲು ಮಾಡಿಕೊಟ್ಟು, ಕೊನೆಗೆ ತನಗೊಂದು ವರ್ಕ್‌ಶಾಪು ಕಟ್ಟಿಕೊಂಡು, ನಿನ್ನೆಯಷ್ಟೇ ಅದಕ್ಕೆ ಬಾಗಿಲ ಚೌಕಟ್ಟು ನಿಲ್ಲಿಸಿದ್ದ. ಗಾರೆ ಇನ್ನೂ ಹಸಿ. ಚೌಕಟ್ಟು ತಿರುಚದಿರಲೆಂದು ಸೊಂಟದ ಮಟ್ಟಕ್ಕೆ ಅಡ್ಡಪಟ್ಟಿ ಹೊಡೆದು, ಅದರಡಿಯೇ ನುಸುಳಿ ಒಳಹೊಕ್ಕು ಕಾವಲಿಗೆ ಮಲಗಿದವನು ಏಳಲಿಲ್ಲ.

“ಪಟ್ಟಿ ಇದ್ರೆ ಅಣ್ಣನ್ನ ಹೆಂಗೆ ಆಚೆ ತರೋದು ಅತ್ಗೆ?” ಎಂದ ಮೈದುನ ಅಂಜಿನಯ್ಯ.

“ಬಗ್ಗಿಸ್ಕೊಂಡು ತಂದ್ರಾಯ್ತಪ್ಪ,” ಎಂದರು ಪಕ್ಕದ ಮನೆಯ ರಿಟೈರ್ಡ್ ಗುಮಾಸ್ತ ಗುರುಸಿದ್ದಯ್ಯ.

“ಬದುಕಿದ್ದಾಗ್ಲೇ ಯಾರ್ಗೂ ಬಗ್ಗಿದೋನಲ್ಲ ಸಾರ್.”

“ಹಂಗಾದ್ರೆ ನೆಲದ ಮೇಲೆ ಎಳ್ಕೊಳ್ಳಿ.”

* * *

ಹಿಂದಿನ ಸಂಜೆ ಅವನು ಚೌಕಟ್ಟಿನ ಮೂಲೆಯಿಂದ ಮೂಲೆಗೆ ಎರಡು ದಾರ ಬಿಗಿದು ಹೆಂಡತಿಯನ್ನು ಕರೆದಿದ್ದ. ನಡುವೆ ದಾರಕ್ಕೆ ದಾರ ತಾಗಿದರೆ ಚೌಕಟ್ಟು ನೇರ. ಸಂದು ಬಿಟ್ಟರೆ ತಿರುಚಿದೆ. ಪೊರೆ ಬಂದ ಅವನ ಕಣ್ಣಿಗೆ ದಾರ ಕಾಣದು.

“ತಾಗ್ತಾ?”

“ತಾಗ್ದಂಗೈತೆ.”

“ಅಂಗೈತೆ ಇಂಗೈತೆ ಬೇಡ ಕಣೇ. ತಾಗೈತೋ, ಇಲ್ವೋ?”

“ತಾಗೈತೆ.”

ಅವನ ಸ್ವಂತ ಮನೆಯ ಬಾಗಿಲಿಗೆ, ಗೃಹಪ್ರವೇಶದ ಅವಸರದಲ್ಲಿ ಪಟ್ಟಿ ಬೇಗ ಕಿತ್ತು ಚೌಕಟ್ಟು ತಿರುಚಿದ್ದರಿಂದ, ಅಂದಿನಿಂದ ಹಗ್ಗವೇ ಚಿಲಕ. ಬೀದಿಯವರು ಅದನ್ನು ಮರೆಯಲು ಬಿಟ್ಟಿರಲಿಲ್ಲ.

“ಗಾರೆ ಒಣಗೋಗಂಟ ಪಟ್ಟಿ ಮುಟ್ಬಾರ್ದು,” ಎಂದಿದ್ದ. “ದೇವ್ರು ಬಂದ್ರೂ ಬಗ್ಗಿ ಬರ್ಲಿ.”

* * *

ನಾಲ್ವರು ಅವನನ್ನು ನೆಲಕ್ಕಿಳಿಸಿ ಕಾಲು ಹಿಡಿದು ಎಳೆದರು. ಹಿಮ್ಮಡಿ ಹೊಸಿಲಿಗೆ ತಗುಲಿ ಟಕ್ಕೆಂದಿತು.

“ನಿಲ್ಸಿ,” ಎಂದಳು ರಾಮಕ್ಕ. “ಕೀಳು ಅಂಜಿನಯ್ಯ.”

“ಆಮೇಲೆ ನನ್ನ ಅನ್ಬಾರ್ದು ಅತ್ಗೆ.”

“ಕೀಳೋ.”

ಪಟ್ಟಿ ಬಂತು. ಹಲಗೆಯ ಮೇಲೆ, ನಾಲ್ವರ ಹೆಗಲೆತ್ತರದಲ್ಲಿ ವೆಂಕಟರಮಣಪ್ಪ ತನ್ನ ಬಾಗಿಲಿನಿಂದ ಹೊರಬಂದ. ಹಲಗೆಯ ಮೂಲೆ ಚೌಕಟ್ಟಿನ ಎಡಗಡೆಯ ಮರಕ್ಕೆ ಒಮ್ಮೆ ಬಡಿಯಿತು. ಗುರುಸಿದ್ದಯ್ಯನವರು “ಹುಷಾರು” ಎಂದದ್ದು ಆಮೇಲೆ.

ಮಣ್ಣು ಮಾಡಿದವರು ಹಿಂತಿರುಗುವ ಹೊತ್ತಿಗೆ ರಾಮಕ್ಕ ಒದ್ದೆ ಕೂದಲಲ್ಲೇ ಅದೇ ದಾರಗಳನ್ನು ಬಿಗಿದು ನಿಂತಿದ್ದಳು. ನಡುವೆ ಒಂದು ಬೆರಳಿನ ಸಂದು. ಅದರಲ್ಲಿ ಬೆರಳು ತೂರಿಸಿದವಳು ತೆಗೆದಿರಲಿಲ್ಲ.

“ಗಾರೆ ಇನ್ನೂ ಹಸಿನೇ ಐತೆ ಅತ್ಗೆ. ಒತ್ತಿದ್ರೆ ಕೂರುತ್ತೆ,” ಎಂದ ಅಂಜಿನಯ್ಯ.

“ಇಲ್ಲಿಂದ್ಲೇ ಅಲ್ವೇನೋ ಅವ್ರು ಹೋಗಿದ್ದು. ಇರ್ಲಿ ಬಿಡು.”

ಗಾರೆ ಹಾಗೇ ಒಣಗಿತು.