ಎಡಗಿವಿಗೆ ಹೇಳಿದ ಮಾತು

ಚಿತ್ತಾಪುರದಿಂದ ವಾಡಿಗೆ ಹೋಗುವ ರಸ್ತೆಯಲ್ಲಿ ಬೆಳಗಾದರೆ ಬೈಕುಗಳದೇ ಸಾಲು. ಮುಂದೆ ಗಂಡ, ಹಿಂದೆ ಹೆಂಡತಿ, ನಡುವೆ ಊಟದ ಡಬ್ಬಿ. ಗಂಡನ ಹೆಲ್ಮೆಟ್ ಎಲ್ಲಿದೆ ಎಂದು ನೋಡಿದರೆ, ಒಬ್ಬನದು ಕನ್ನಡಿಗೆ ತೂಗುತ್ತಿರುತ್ತದೆ, ಇನ್ನೊಬ್ಬನದು ಮೊಳಕೈಗೆ, ಮತ್ತೊಬ್ಬನದು ಪೆಟ್ರೋಲ್ ಟಾಕಿಯ ಮೇಲೆ. ಪೊಲೀಸರು ಕಂಡರೆ ಮಾತ್ರ ಅದು ತಲೆ ಏರುತ್ತದೆ. ಹೆಂಡತಿಗಂತೂ ಸೆರಗೇ ಹೆಲ್ಮೆಟ್.

ಅಮರನಾಥ ಮತ್ತು ಅಂಬುಜಾ ಕೂಡ ಇದೇ ಸಾಲಿನವರು. ಅಮರನಾಥ ವಾಡಿ ಹತ್ತಿರದ ಒಂದು ನೆಲಹಾಸಿನ ಫರಸಿ ಕಲ್ಲಿನ ಕಾರ್ಖಾನೆಯಲ್ಲಿ ಕಲ್ಲು ಕೊಯ್ಯುವ ಯಂತ್ರ ನಡೆಸುತ್ತಾನೆ. ಅಂಬುಜಾ ವಾಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಮದುವೆಯಾದಾಗಿನಿಂದ ಇಬ್ಬರೂ ಒಂದೇ ಗಾಡಿಯಲ್ಲಿ ಹೋಗಿ ಬರುತ್ತಾರೆ. ಅವಳು ಸೀರೆ ಉಟ್ಟು, ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಕೂರುತ್ತಿದ್ದಳು. ನಮ್ಮ ಕಡೆಯ ಹೆಣ್ಣುಮಕ್ಕಳು ಕೂರುವುದೇ ಹಾಗೆ. ಹಾಗೆ ಕೂತವಳ ಬಾಯಿ ಗಂಡನ ಎಡಗಿವಿಯ ಪಕ್ಕದಲ್ಲೇ ಇರುತ್ತದೆ. ಅಷ್ಟು ಹತ್ತಿರವಿದ್ದರೂ ಅವಳ ಮಾತು ಅವನಿಗೆ ಮುಟ್ಟುತ್ತಿರಲಿಲ್ಲ.

"ರೀ, ಜರಾ ಸಾವಕಾಶ ಹೋಗ್ರಿ" ಎಂದರೆ ಉತ್ತರವಿಲ್ಲ. ಮತ್ತೆ ಹೇಳಿದರೂ ಇಲ್ಲ. ಗಂಟಲು ಹರಿಯುವಂತೆ ಒದರಿದರೆ ಕತ್ತನ್ನು ಪೂರಾ ಹಿಂದಕ್ಕೆ ತಿರುಗಿಸಿ, "ಆಂ? ಏನಂದಿ?" ಎನ್ನುತ್ತಿದ್ದ. ಗಾಡಿ ಮುಂದೆ ಓಡುತ್ತಿರುತ್ತದೆ, ಸವಾರನ ಮುಖ ಹಿಂದೆ!

ಹೆಲ್ಮೆಟ್ ಹಾಕಿಕೊಳ್ಳಿ ಎಂದರೆ ಅದಕ್ಕೂ ಅವನ ಬಳಿ ಜವಾಬು ಸಿದ್ಧವಿತ್ತು. "ಅದು ಹಾಕ್ಕೊಂಡ್ರ ನೀ ಅಂದದ್ದು ಒಂದೂ ಕೇಳಸಂಗಿಲ್ಲ. ನಿನ್ನ ಸಲುವಾಗೇ ತೆಗದ ಇಟ್ಟೀನಿ."

ಅಂಬುಜಾಗೆ ಇದು ಸೊಕ್ಕು ಎನಿಸುತ್ತಿತ್ತು. ತನ್ನ ಮಾತಿಗೆ ಬೆಲೆ ಇಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದಳು. ಮನೆಯಲ್ಲಿ ಮಾವ ಬಸವಂತರಾಯನ ಮುಂದೆ, "ಕಿವುಡನ ಮುಂದ ಕಿನ್ನರಿ ಬಾರಿಸಿದಂಗ ಆಗ್ಯಾದ ನೋಡ್ರಿ ಮಾವಾ ನಂದು" ಎಂದು ಚುಚ್ಚುತ್ತಿದ್ದಳು. ಮಾವ ನಗುತ್ತಿದ್ದ. ಅಮರನಾಥನೂ ನಗುತ್ತಿದ್ದ.

ಒಂದು ಮುಂಜಾನೆ ವಾಡಿ ಇನ್ನೂ ದೂರವಿರುವಾಗ ಅಂಬುಜಾಳ ಸೆರಗು ಗಾಳಿಗೆ ಹಾರಿ ಹಿಂದಿನ ಗಾಲಿಯ ಕಡೆಗೆ ಸರಿಯಿತು. "ರೀ, ನಿಂದರ್ಸ್ರಿ! ಸೆರಗ ಗಾಲ್ಯಾಗ ಹೊಂಟದ!" ಎಂದು ಚೀರಿದಳು. ಅಮರನಾಥ ಎಂದಿನಂತೆ ಪೂರ್ತಿ ಹಿಂದಕ್ಕೆ ತಿರುಗಿದ. "ಆಂ? ಏನಂದಿ?"

ಅದೇ ಹೊತ್ತಿಗೆ ಎದುರಿಗೆ, ರಸ್ತೆಯ ಮೇಲೆಯೇ, ಒಂದು ಟಿಪ್ಪರ್ ಕೆಟ್ಟು ನಿಂತಿತ್ತು. ಅದು ಅಂಬುಜಾಗೆ ಕಂಡಿತು, ಅಮರನಾಥನಿಗೆ ಕಾಣಲಿಲ್ಲ. ಅವಳು ಮಾತು ಬಿಟ್ಟು ಅವನ ಬೆನ್ನಿಗೆ ದಬದಬ ಗುದ್ದಿದಳು. ಅವನು ಮುಂದೆ ನೋಡಿ ಬ್ರೇಕ್ ಒತ್ತಿದ. ಗಾಡಿ ಜಾರಿ ರಸ್ತೆ ಬದಿಯ ಕಲ್ಲುಪುಡಿಯ ಗುಡ್ಡೆಗೆ ಹೋಗಿ ಬಿತ್ತು. ಅಂಬುಜಾಳ ಮೊಳಕೈ ತರಚಿತು, ಅಮರನಾಥನ ಹಣೆ ಒಡೆಯಿತು. ಟಾಕಿಯ ಮೇಲಿದ್ದ ಹೆಲ್ಮೆಟ್ ಮಾತ್ರ ಉರುಳಿ ಉರುಳಿ ಹುಲ್ಲಿನಲ್ಲಿ ನಿಂತಿತ್ತು. ಅದಕ್ಕೆ ಒಂದು ಗೆರೆಯೂ ಬಿದ್ದಿರಲಿಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಈ ಜಗಳ ಉಂಡ ಮೇಲೂ ಮುಗಿಯಲಿಲ್ಲ.

"ನಾ ಇನ್ನ ನಿಮ್ಮ ಹಿಂದ ಕೂಡಂಗಿಲ್ಲ. ಟಂಟಂದಾಗ ಹೋಗ್ತೀನಿ" ಎಂದಳು ಅಂಬುಜಾ.

"ನೀ ಬಾಯಾಗ ಬಾಯಾಗ ಮಾತಾಡ್ತಿ, ತಪ್ಪ ನಂದು ಅಂತಿ!" ಎಂದ ಅಮರನಾಥ.

ಮರುದಿನದಿಂದ ಅವಳು ಟಂಟಂ ಆಟೋದಲ್ಲಿ, ಅವನು ಬೈಕಿನಲ್ಲಿ. ಅವಳಿಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. ಒಬ್ಬನೇ ಹೋದರೂ ಅವನು ಬರಿದಲೆಯಲ್ಲೇ ಹೋಗುತ್ತಿದ್ದ. ಸಂಜೆ ಅವನ ಗಾಡಿಯ ಸಪ್ಪಳ ಅಂಗಳಕ್ಕೆ ಬರುವವರೆಗೆ ಅವಳ ಜೀವದಲ್ಲಿ ಜೀವ ಇರುತ್ತಿರಲಿಲ್ಲ.

ಆ ವಾರವೇ ಹೈಸ್ಕೂಲಿನ ಟೀಚರ್ ಪ್ರಮಿತಾ ಕುಪ್ಪಸ ಒಯ್ಯಲು ಅಂಗಡಿಗೆ ಬಂದಳು. ಗಂಡ ವಿಠ್ಠಲ್ ಬಾಗಿಲಲ್ಲಿ ಇಳಿಸಿ ಹೋದ. ಇಬ್ಬರ ತಲೆಯ ಮೇಲೂ ಹೆಲ್ಮೆಟ್. ವಿಠ್ಠಲ್ ರಸ್ತೆಯ ಆಚೆಗೆ ಹೋದ ಮೇಲೆ ಪ್ರಮಿತಾ ನಿಂತಲ್ಲೇ ಮೆಲ್ಲಗೆ, "ಬರೋ ಮುಂದ ಕೊತ್ತಂಬ್ರಿ ತರ್ರಿ" ಎಂದಳು. ಅಷ್ಟು ದೂರದಿಂದ ಅವನು ತಿರುಗದೆಯೇ ಕೈ ಎತ್ತಿದ. ಅಂಬುಜಾ ಸೂಜಿ ಹಿಡಿದುಕೊಂಡು ಹಾಗೇ ನೋಡಿದಳು.

"ಅಕ್ಕೋರೆ, ಇದೇನ್ ಮಾಟರಿ? ನಾ ಕಿವ್ಯಾಗ ಬಾಯಿ ಇಟ್ಟು ಒದರಿದ್ರೂ ನಮ್ಮನಿಯವ್ರಿಗಿ ಕೇಳಸಂಗಿಲ್ಲ!"

ಪ್ರಮಿತಾ ನಕ್ಕು ಹೆಲ್ಮೆಟ್ ತೆಗೆದು ಕೈಗೆ ಕೊಟ್ಟಳು. ಒಳಗೆ ಕಿವಿಗಳ ಹತ್ತಿರ ಎರಡು ಚಪ್ಪಟೆ ಸ್ಪೀಕರ್, ಬಾಯಿಯ ಹತ್ತಿರ ಒಂದು ಸಣ್ಣ ಮೈಕ್. "ಎರಡೂ ಹೆಲ್ಮೆಟ್ ಒಂದಕ್ಕೊಂದು ಜೋಡಿ ಮಾಡಿರ್ತೀವಿ. ವೈರ್ ಬೇಕಾಗಂಗಿಲ್ಲ. ಮೆತ್ತಗ ಮಾತಾಡಿದ್ರ ಸಾಕು. ಹಾಡೂ ಬರ್ತಾವ. ಆದ್ರ ಹಾಡಿನ ಆಸಿಗಿ ಬಿದ್ದೇ ನಾವು ಮೊದಲ ಮೋಸ ಹೋಗಿದ್ವಿ."

"ಅದ್ಹ್ಯಾಂಗರಿ?"

"ರಸ್ತಿ ಬಾಜೂ ಮಾರ್ತಿದ್ರು, ಅವಾಜ ಛಲೋ ಅದ ಅಂತ ತಗೊಂಡ್ವಿ. ಐಎಸ್‌ಐ ಗುರುತೇ ಇರಲಿಲ್ಲ. ಒಂದಿನ ಕೈ ಜಾರಿ ಕಟ್ಟಿ ಮ್ಯಾಲಿಂದ ಬಿತ್ತು, ಹೆಂಚಿನಂಗ ಸೀಳೇಬಿಡ್ತು. ಒಳಗ ತಲಿ ಇದ್ದಿದ್ರ ಏನ್ ಗತಿ? ಹೆಲ್ಮೆಟ್ ಅಂದ್ರ ಮೊದಲ ತಲಿ ಕಾಯಬೇಕವಾ. ಮಾತು ಆಮ್ಯಾಲ. ಹಾಡು ಎಲ್ಲಾಕ್ಕಿಂತ ಆಮ್ಯಾಲ."

ಅಂಬುಜಾ ಆ ಮಾತನ್ನು ಹಾಗೇ ಮನೆಗೆ ಹೊತ್ತು ತಂದಳು. ಬಸವಂತರಾಯ ಅಂಗಳದಲ್ಲಿ ಮೀನಿನ ಬಲೆ ಹೆಣೆಯುತ್ತಿದ್ದ. ಕಾಗಿಣಾ ಹೊಳೆಯ ದಂಡೆಯಲ್ಲಿ ಹುಟ್ಟಿ ಬೆಳೆದ ಮುದುಕ. ಕೇಳಿದ್ದೇ ಬಲೆ ಕೆಳಗಿಟ್ಟ.

"ಹಾಡ ಹೇಳೋ ಟೊಪಗಿ! ಏನ್ ಕಾಲ ಬಂತವ್ವಾ! ಹಾಡ ಕೇಳ್ಕೋತ ಹೋದ್ರ ಲಾರಿ ಹಾರ್ನ್ ಯಾರ್ ಕೇಳಬೇಕು?"

"ಖರೇನೇ ಅಂದ್ರಿ ಮಾವಾ. ದೊಡ್ಡ ರಸ್ತ್ಯಾಗ ಹಾಡ ಬ್ಯಾಡೇ ಬ್ಯಾಡ. ನಂಗ ಬೇಕಾಗಿದ್ದು ಮಾತು. ಇವ್ರು ಹಿಂದ ತಿರಗಲಾರದಂಗ ನನ್ನ ಮಾತು ಇವ್ರಿಗಿ ಮುಟ್ಟಬೇಕು. ಅಷ್ಟಾದ್ರ ಇವ್ರು ತಲಿಗಿ ಹೆಲ್ಮೆಟ್ ಹಾಕ್ಕೋತಾರ. ನಾನೂ ಹಿಂದ ಕೂಡ್ತೀನಿ."

ಕೆಲಸದಿಂದ ಬಂದ ಅಮರನಾಥ ಇದನ್ನು ಕೇಳಿ ಒಲ್ಲೆ ಎಂದ. ಆದರೆ ಖಾಲಿ ಹಿಂದಿನ ಸೀಟು ಅವನಿಗೂ ಬೇಸರ ತಂದಿತ್ತು. ಭಾನುವಾರ ಮೂವರೂ ಬಸ್ಸು ಹತ್ತಿ ಸೇಡಂಗೆ ಹೋದರು. ಅಂಗಡಿಯವನು ಟೋಪಿ ಹಾಕಬಾರದು ಎಂದು ಬಸವಂತರಾಯನೂ ಬೆನ್ನು ಹತ್ತಿದ.

ಸೇಡಂನ ಗನಿಸಾಬ ಬೈಕಿನ ಸಾಮಾನು ಮಾರುವವನು. ಮಾತಿನಲ್ಲಿ ಬೆಣ್ಣೆ ಇದ್ದರೂ ಮಾಲಿನಲ್ಲಿ ಮೋಸವಿಲ್ಲ ಎಂದು ಊರೆಲ್ಲ ಹೆಸರು. "ಬರ್ರಿ, ಕುಂದ್ರಿ" ಎಂದು ಹೆಲ್ಮೆಟ್‌ಗಳನ್ನು ತಂದು ಮುಂದಿಟ್ಟ. ಹಿಂಭಾಗದ ಐಎಸ್‌ಐ ಗುರುತನ್ನು ಮೊದಲು ತೋರಿಸಿದ. ಅಮರನಾಥನ ತಲೆಗೆ ಒಂದನ್ನು ಹಾಕಿ, "ತಲಿ ಅಳ್ಳಾಡಸು ಬೇಟಾ" ಎಂದ. ತಲೆ ಒಂದು ಕಡೆ, ಹೆಲ್ಮೆಟ್ ಒಂದು ಕಡೆ ತಿರುಗಿತು. "ಇದು ದೊಡ್ಡದಾತು" ಎಂದು ಬಿಗಿಯಾದದ್ದನ್ನು ಹಾಕಿದ. ಗದ್ದದ ಪಟ್ಟಿ ಬಿಗಿದು ಬಕಲ್ ಹಾಕಿಸಿದ.

"ನಮ್ಮ ಹಳೀ ಹೆಲ್ಮೆಟ್ ಅದ. ಅದರಾಗೇ ಥರ್ಮಾಕೋಲ್ ಕೊರದು ಸ್ಪೀಕರ್ ಕೂಡಸಲಿಕ್ಕೆ ಬರ್ತದೇನ್ರಿ ಸಾಬ್ರೆ?" ಎಂದು ಬಸವಂತರಾಯ ಕೇಳಿದ.

"ತೋಬಾ ತೋಬಾ! ತಲಿಗಿ ಬೀಳೋ ಪೆಟ್ಟು ತಡಿಯೋದೇ ಆ ಥರ್ಮಾಕೋಲ್ ಕಾಕಾ. ಅದನ್ನ ಕೊರದ್ರ ಹೆಲ್ಮೆಟ್ ಸತ್ತಂಗ. ಕಂಪನಿಯವ್ರೇ ಜಾಗಾ ಬಿಟ್ಟು ಕೂಡಿಸಿದ್ದು ತಗೋಬೇಕು. ಗಂಡ ಹೆಂಡ್ತಿ ಇಬ್ಬರ್ದೂ ಒಂದೇ ಕಂಪನೀದು ಇದ್ರ ಜೋಡಿ ಮಾಡೋದು ಸಸಾರ. ಒಂದೇ ಗಾಡಿ ಮ್ಯಾಲ ಕೂಡೋರಿಗಿ ಭಾಳ ದೂರ ಮುಟ್ಟೋ ತುಟ್ಟಿ ಮಾಲ್ ಬೇಕಾಗಂಗಿಲ್ಲ. ಮಳಿ, ಧೂಳಿ ತಡೀಬೇಕು. ಚಾರ್ಜ್ ದಿನ ಪೂರ್ತಿ ಬರಬೇಕು. ಗುಂಡಿ ದೊಡ್ಡದಿರಬೇಕು, ರಸ್ತಿ ಮ್ಯಾಲಿನ ಕಣ್ಣು ತೆಗೀಲಾರದೇ ಒತ್ತಲಿಕ್ಕೆ ಬರಬೇಕು. ಅಷ್ಟೇ ನೋಡ್ರಿ."

ಹೀಗೆಂದು ಹೆಲ್ಮೆಟ್ ಪರೀಕ್ಷೆಗೆ ಒಂದು ಹಾಡು ಹಚ್ಚಿದ. ಅಮರನಾಥ ಸ್ವಲ್ಪ ಹೊತ್ತು ಕೇಳಿ ತಲೆ ಅಲ್ಲಾಡಿಸಿದ.

"ಸಾಬ್ರೆ, ಇದರ ಎಡಗಡಿ ಸ್ಪೀಕರ್ ಕೆಟ್ಟದ."

ಗನಿಸಾಬ ಬೇರೆ ಹೆಲ್ಮೆಟ್ ಕೊಟ್ಟ. ಅದರದೂ ಎಡಗಡೆ ಕೆಟ್ಟಿದೆ ಎಂದ. ಇನ್ನೊಂದು ಕೊಟ್ಟ. ಅದೂ ಹಾಗೆಯೇ.

"ಏನ್ ಮಾಲ್ ಇಟ್ಟೀರಿ? ಎಲ್ಲಾದರದೂ ಒಂದೇ ಕಡಿ ಅವಾಜ!" ಎಂದು ಅಮರನಾಥ ರೇಗಿದ. ಬಸವಂತರಾಯ "ನಾ ಹೇಳಿದ್ದಿಲ್ಲಾ?" ಎನ್ನುವಂತೆ ಸೊಸೆಯ ಮುಖ ನೋಡಿದ.

ಅಂಬುಜಾ ಹೆಲ್ಮೆಟ್ ಇಸಿದುಕೊಂಡು ತಾನೇ ಹಾಕಿಕೊಂಡಳು. ಹಾಡು ಎರಡೂ ಕಿವಿಗೆ ಗಂಟೆಯಂತೆ ಕೇಳಿಸುತ್ತಿತ್ತು. ಎರಡನೆಯದನ್ನೂ ಹಾಕಿದಳು. ಅದೂ ಸರಿಯಾಗಿತ್ತು.

ಹೆಲ್ಮೆಟ್ ತೆಗೆದಿಟ್ಟು ಗಂಡನ ಹಿಂದೆ, ಎಡಕ್ಕೆ, ಬೈಕಿನ ಮೇಲೆ ಕೂರುವಷ್ಟೇ ಹತ್ತಿರ ನಿಂತಳು. ಮೆಲ್ಲಗೆ, "ರೀ, ನಂಗ ಹಸಿವ್ಯಾಗ್ಯಾದ" ಎಂದಳು. ಅಮರನಾಥ ಎದುರಿನ ಕಪಾಟು ನೋಡುತ್ತಲೇ ಇದ್ದ. ಅವಳು ಬಲಕ್ಕೆ ಬಂದು ಅದೇ ಮಾತನ್ನು ಅಷ್ಟೇ ಮೆಲ್ಲಗೆ ಹೇಳಿದಳು.

"ಹಸಿವ್ಯಾಗ್ಯಾದ? ಮೊದಲೇ ಹೇಳಬಾರದೇನು?" ಎಂದ ಅವನು.

ಬಸವಂತರಾಯ ತನಗೆ ತಾನೇ ಹೇಳಿಕೊಂಡ: "ಸಣ್ಣಾಂವ ಇದ್ದಾಗ ಕಾಗಿಣಾ ಆಚಿ ದಂಡಿಯಿಂದ ಕರದ್ರ ಈಚಿ ದಂಡ್ಯಾಗ ಓ ಅಂತಿದ್ದ. ಈಗ ಕರದ್ರ ಓ ಅನ್ನಲ್ಲ. ಮಗ ದೊಡ್ಡಾಂವ ಆಗ್ಯಾನ, ಸೊಕ್ಕು ಬಂದದ ಅಂತ ನಾ ತಿಳದಿದ್ದೆ."

"ಮಷೀನ್ ನಂಗ ಎಡಕ್ಕೇ ಇರ್ತದ" ಎಂದ ಅಮರನಾಥ. ಅವನ ದನಿ ಇಳಿದಿತ್ತು. "ಕಲ್ಲ ಕೊಯ್ಯೋ ಎಲ್ಲರಿಗೂ ಹಿಂಗೇ ಇರ್ತದ ಅಂತ ಅನ್ಕೊಂಡಿದ್ದೆ."

ಕಿವುಡನ ಮುಂದೆ ಕಿನ್ನರಿ ಎಂದು ತಾನು ಆಡಿದ ಮಾತು ಅಂಬುಜಾಗೆ ನೆನಪಾಯಿತು. ನೆಲ ಬಾಯಿಬಿಟ್ಟರೆ ಇಳಿದುಹೋಗಬೇಕು ಎನಿಸಿತು. ಇಷ್ಟು ವರ್ಷ ಅವಳು ಕಿವುಡಾದ ಕಿವಿಗೇ ಮಾತಾಡಿ, ಅವನ ಮೇಲೆಯೇ ಸಿಟ್ಟು ಮಾಡಿದ್ದಳು.

ಮೊದಲು ಅವರು ಕಲಬುರಗಿಯ ಕಿವಿ ಡಾಕ್ಟರ ಹತ್ತಿರ ಹೋದರು. ಯಂತ್ರದ ಸದ್ದಿಗೆ ಹೋದ ಕೇಳುವ ಶಕ್ತಿ ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಯಬೇಕು ಎಂದು ಡಾಕ್ಟರು ಹೇಳಿದರು. ಕೆಲಸದಲ್ಲಿ ಕಿವಿ ಮುಚ್ಚುವ ಸಾಧನ ಹಾಕಬೇಕು. ಗಾಡಿಯ ಎರಡೂ ಕನ್ನಡಿ ಇರಬೇಕು. ಹೆಲ್ಮೆಟ್ಟಿನ ಅವಾಜ್ ಸಣ್ಣದಿರಬೇಕು, ಹಾಡು ಓಡುವ ಗಾಡಿಯಲ್ಲಿ ಬೇಡವೇ ಬೇಡ. ಅಮರನಾಥ ಯಾವುದೋ ಕಾಲದಲ್ಲಿ ಬಿಚ್ಚಿಟ್ಟಿದ್ದ ಎಡಗಡೆಯ ಕನ್ನಡಿಯನ್ನು ಹುಡುಕಿ ತಂದು ಹಾಕಿಸಿದ. ಗನಿಸಾಬನ ಅಂಗಡಿಯಿಂದ ಜೋಡಿ ಹೆಲ್ಮೆಟ್ ಬಂದವು. ಊರವರಿಗೆಲ್ಲ ಬಟ್ಟೆ ಹೊಲಿಯುವ ಅಂಬುಜಾ ತನಗೂ ಒಂದು ಚೂಡಿದಾರ ಹೊಲಿದುಕೊಂಡಳು. ಮಾವ ಏನಂದಾನೋ ಎಂದು ಹೆದರಿದ್ದಳು. ಅವನು, "ಎರಡೂ ಕಡಿ ಕಾಲ ಹಾಕಿ ಗಟ್ಟಿ ಕೂಡವ್ವಾ" ಎಂದಷ್ಟೇ ಹೇಳಿದ.

ಸೋಮವಾರ ಅಂಬುಜಾ ಮತ್ತೆ ಗಂಡನ ಹಿಂದೆ ಕೂತಳು. ಹಿಂದೆ ಬಿದ್ದಿದ್ದ ಜಾಗ ಹತ್ತಿರ ಬಂತು. ಅಲ್ಲಿ ಅಂದೂ ಒಂದು ಟಿಪ್ಪರ್ ನಿಂತಿತ್ತು.

"ರೀ, ಮುಂದ ಗಾಡಿ ನಿಂತದ" ಎಂದಳು, ಒದರದೆ. ಮಾತು ಬಲಗಡೆಯ ಸ್ಪೀಕರಿನಿಂದ ಅವನ ಬಲಗಿವಿಗೆ ಮುಟ್ಟಿತು.

"ನೋಡೀನಿ" ಎಂದ ಅಮರನಾಥ. ಅವನ ಮುಖ ಮುಂದಕ್ಕೇ ಇತ್ತು.

ಸ್ವಲ್ಪ ದೂರ ಹೋದ ಮೇಲೆ ಅವಳು ಮತ್ತೆ ಕರೆದಳು. "ರೀ."

"ಆಂ?"

"ಏನಿಲ್ಲ. ಸುಮ್ಮ ಕರದೆ."

ಈಗ ಹಾಡು ಬೇಕಾದಾಗ ಅವರು ಗಾಡಿ ನಿಲ್ಲಿಸುತ್ತಾರೆ. ಚಿಂಚೋಳಿಯ ತವರಿಗೆ ಹೋದಾಗ ಚಂದ್ರಂಪಳ್ಳಿ ಡ್ಯಾಮಿನ ಹತ್ತಿರ ಕೂತು, ಬುತ್ತಿ ಬಿಚ್ಚಿ, ಹಾಡು ಕೇಳಿ ಬರುತ್ತಾರೆ. ಫೋನೂ ಅಷ್ಟೇ, ಗಾಡಿ ನಿಂತ ಮೇಲೆಯೇ. ಮನೆಯ ಜಗಳಕ್ಕೂ ಅದೇ ಕಾನೂನು.

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಯ ಅಣ್ಣಂದಿರೇ, ಅಕ್ಕಂದಿರೇ, ಮಾತಾಡುವ ಹೆಲ್ಮೆಟ್ ಕೊಳ್ಳುವುದಾದರೆ ಸ್ಪೀಕರ್ ಕೇಳುವ ಮೊದಲು ಐಎಸ್‌ಐ ಗುರುತು ನೋಡಿ, ತಲೆಗೆ ಬಿಗಿಯಾಗಿ ಕೂರುತ್ತದೆಯೇ ನೋಡಿ. ಅಷ್ಟು ಖರ್ಚು ಆಗದಿದ್ದರೆ ಸಾದಾ ಹೆಲ್ಮೆಟ್ಟೇ ಸಾಕು, ಆದರೆ ಇಬ್ಬರ ತಲೆಗೂ ಇರಲಿ, ಪಟ್ಟಿ ಬಿಗಿದಿರಲಿ. ಇಯರ್‌ಫೋನ್ ತುರುಕಿಕೊಂಡು ಮೇಲೆ ಹೆಲ್ಮೆಟ್ ಹಾಕಬೇಡಿ. ಕಲ್ಲಿನ ಕೆಲಸ, ಕಾರ್ಖಾನೆ ಕೆಲಸ ಮಾಡುವವರು ಮನೆಯಲ್ಲಿದ್ದರೆ ಇವತ್ತು ಸಂಜೆಯೇ ಅವರ ಹಿಂದೆ ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ, ಮೆಲ್ಲಗೆ ಒಂದು ಮಾತು ಹೇಳಿ ನೋಡಿ. ಅವರು ಓ ಎನ್ನದಿದ್ದರೆ ಸಿಟ್ಟಾಗಬೇಡಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.